ಸೇತುವೆಯ ತುದಿಯ ಸುಂಕದ ಮನೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ವಾಚಕರೆಲ್ಲರೂ ಬಲ್ಲರು. ಸುಂಕವೆಂಬುದು ಸಂಸ್ಕೃತದ ಶುಲ್ಕ ಶಬ್ದದ ತದ್ಭವ. ಈ ಗಾದೆಗೆ ನಿದರ್ಶನವಾಗಿ ನಿಂತಿರುವ ಇಟ್ಟಿಗೆಯ ಮನೆಯೊಂದು ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತದಲ್ಲಿ, ಸೆವರ್ನ್ ನದಿಯ ಕಬ್ಬಿಣದ ಸೇತುವೆಯ ದಕ್ಷಿಣದ ತುದಿಯಲ್ಲಿರುವುದು.

ಎರಕದ ಕಬ್ಬಿಣದಿಂದ ಕಟ್ಟಿದ ದೊಡ್ಡ ಸೇತುವೆಗಳಲ್ಲಿ ಜಗತ್ತಿಗೆಲ್ಲ ಇದೇ ಮೊದಲನೆಯದು. ತಾಮಸ್ ಪ್ರಿಚರ್ಡನು ನಕ್ಷೆಯನ್ನು ರಚಿಸಿದನು. ಮೂರನೆಯ ಅಬ್ರಹಾಂ ಡಾರ್ಬಿಯು ಎರಕ ಹೊಯ್ಯಿಸಿದನು. ಸುಮಾರು 100 ಅಡಿಯ ಕಮಾನು 1779ರಲ್ಲಿ ಎದ್ದಿತು. 1781ರ ಜನವರಿ 1ರಂದು ಸಂಚಾರವು ಆರಂಭವಾಯಿತು. ಷೇರುದಾರರು ಹಣ ಹಾಕಿ ಕಟ್ಟಿಸಿದ ಸೇತುವೆಯಾದುದರಿಂದ ದಾಟುವವರು ಸುಂಕವನ್ನು ತೆರಬೇಕಾಯಿತು.

ವಾಸದ ಮನೆಯು ಬೀದಿಯಿಂದ ತುಸು ಹಿಂದೆ ಸರಿದು ಜಗಲಿಯನ್ನೋ ಅಂಗಳವನ್ನೋ ಬಿಟ್ಟುಕೊಳ್ಳುವುದು. ಸುಂಕದ ಮನೆಯಾದರೋ ದಾರಿಯ ಅಂಚಿಗೇ ಬಂದು ನಿಲ್ಲುವುದು. ಹೆದ್ದಾರಿಗಳಲ್ಲಿ ಇದಕ್ಕೆ ಅನೇಕ ಮೂಲೆಗಳನ್ನಿಟ್ಟು ಕಟ್ಟುತ್ತಿದ್ದರು. ಎರಡು ದಿಕ್ಕಿನಿಂದ ಬರುವವರೂ ಕಿಟಕಿಗೆ ಕಾಣಬೇಕೆಂಬುದೇ ಅದರ ಉದ್ದೇಶ. ಸೇತುವೆಯ ಬಾಯಲ್ಲಿರುವ ಈ ಮನೆಗೆ ಅಷ್ಟು ಯುಕ್ತಿಯೂ ಬೇಡವಾಯಿತು. ದಾಟುವವನಿಗೆ ಇದರ ಮುಂದಲ್ಲದೆ ಬೇರೆ ದಾರಿಯಿಲ್ಲ.

ಈ ಮನೆಯ ಪ್ರಧಾನಾಂಗವು ಗೋಡೆಯ ಮೇಲಣ ದರಗಳ ಫಲಕವೆಂದು ನಾವು ಭಾವಿಸುತ್ತೇವೆ. ಆರು ಕುದುರೆಗಳ ಸಾರೋಟಿಗೆ 2 ಷಿಲಿಂಗು. ಕಾಲ್ನಡೆಯವನಿಗೆ ಅರ್ಧ ಪೆನ್ನಿ, ಕುರಿಗೂ ಅಷ್ಟೇ. ಇತರ ಸುಂಕದ ದಾರಿಗಳಲ್ಲಿ ರಾಜಪರಿವಾರಕ್ಕೂ ಅಂಚೆಯ ಗಾಡಿಗೂ ವಿನಾಯಿತಿಯಿದ್ದಿತು. ಇಲ್ಲಿ ಅವರೂ ಸಿಪಾಯಿಗಳೂ ಕೊಡತಕ್ಕದ್ದೆಂದು ಫಲಕವು ಸ್ಪಷ್ಟವಾಗಿ ಸಾರುವುದು. ದರವು ಎಲ್ಲರ ಕಣ್ಣಿಗೂ ಬೀಳುವುದರಿಂದ ಸುಂಕದವನು ಬಡವನಿಂದ ಹೆಚ್ಚು ಕೀಳುವಂತೆಯೂ ಇಲ್ಲ. ಇದು ದೊಡ್ಡ ನ್ಯಾಯವೇ ಸರಿ.

ಆದರೆ ನ್ಯಾಯವೊಂದೇ ಸಾಕೆ? ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ, ಪುರದ ಮಹಾದ್ವಾರದ ಬಳಿ ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ ಶುಲ್ಕಶಾಲೆಯನ್ನೂ ಧ್ವಜವನ್ನೂ ಸ್ಥಾಪಿಸಬೇಕೆಂದು ವಿಧಿಸಿರುವನು. ಅದೇ ಗ್ರಂಥದಲ್ಲಿ, ದೋಣಿಯಿಂದ ನದಿಯನ್ನು ದಾಟುವ ಬ್ರಾಹ್ಮಣರು, ಸಂನ್ಯಾಸಿಗಳು, ಬಾಲರು, ವೃದ್ಧರು, ರೋಗಿಗಳು, ರಾಜಶಾಸನವನ್ನು ಒಯ್ಯುವವರು, ಗರ್ಭಿಣಿಯರು, ಇವರೆಲ್ಲರೂ ನಾವಧ್ಯಕ್ಷನ ಮುದ್ರೆಯನ್ನು ಪಡೆದು ಹಣವಿಲ್ಲದೆ ದಾಟಬಹುದೆಂದಿರುವನು. ಸೆವರ್ನ್ ತೀರದ ಫಲಕದಲ್ಲಿ ರೋಗಿಯ ಹೆಸರೂ ಇಲ್ಲ, ಗರ್ಭಿಣಿಯ ಹೆಸರೂ ಇಲ್ಲ. ನಿತ್ಯವೂ ಕೂಲಿಗೆ ಹೋಗುವವನಿಗೆ ಅರ್ಧ ಪೆನ್ನಿಯೂ ಹಗುರವಲ್ಲ.

1934ರಲ್ಲಿ ಈ ಸೇತುವೆಯ ಮೇಲೆ ವಾಹನಸಂಚಾರವು ನಿಂತಿತು. 1950ರಲ್ಲಿ ಕಾಲ್ನಡೆಯವರ ಸುಂಕವೂ ರದ್ದಾಯಿತು. ಫಲಕ ಮಾತ್ರ ಉಳಿದಿದೆ. ಗಾದೆಯು ಸುಂಕದವನನ್ನು ಹಳಿಯುವುದು; ಆದರೆ ಫಲಕದಲ್ಲಿ ಬರೆಯದ ದಯೆಯನ್ನು ಅವನು ತೋರುವುದೆಂತು? ದಯೆಗೆ ಒಂದು ಪಂಕ್ತಿಯನ್ನು ಮೀಸಲಿಡಬೇಕಾದವರು ಫಲಕವನ್ನು ಬರೆಯಿಸಿದವರೇ ಅಲ್ಲವೇ?