ಮರೆಯಲ್ಲಿರುವವರನ್ನು ಗುರುತಿಸುವ ಬಗೆ

ಪತ್ತೇದಾರಿ ಕಥೆಗಳನ್ನು ಓದುವವರೆಲ್ಲರಿಗೂ ಒಂದು ಅನುಭವವಿರುವುದು. ಕಥೆ ಮುಗಿಯುವ ಮೊದಲೇ ‘ಅಪರಾಧಿ ಇವನೇ’ ಎಂದು ಊಹಿಸುತ್ತೇವೆ. ಊಹೆ ನಿಜವಾದರೆ ಹಿಗ್ಗುತ್ತೇವೆ, ಸುಳ್ಳಾದರೆ ಮರೆತುಬಿಡುತ್ತೇವೆ. ಆದರೆ ಹಿಗ್ಗುವ ಹೊತ್ತಿನಲ್ಲಿ, ನಾವು ಆ ವ್ಯಕ್ತಿಯನ್ನು ನಿಜವಾಗಿ ಕಂಡುಹಿಡಿದೆವೋ ಇಲ್ಲವೆ ಅದೃಷ್ಟದಿಂದ ಹೆಸರು ಹೊಂದಿಕೊಂಡಿತೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಅಪರೂಪ. ಇವೆರಡಕ್ಕೂ ಇರುವ ಅಂತರ ವಿಜ್ಞಾನದಲ್ಲಿ ಬಹಳ ದೊಡ್ಡದು. ಈಚಿನ ಒಂದು ವೀಡಿಯೋ ಆಟ ಈ ಅಂತರವನ್ನೇ ತನ್ನ ನಿಯಮವಾಗಿ ಇಟ್ಟುಕೊಂಡಿದೆ. ಅದೇ ಪಾಠವನ್ನು ನಮ್ಮ ಹಾಸನ ಜಿಲ್ಲೆಯ ಕಲ್ಲುಗುಡಿಗಳೂ ಕಲಿಸಬಲ್ಲುವು. ಮೊದಲು ಆಟವನ್ನು ನೋಡಿ, ಆಮೇಲೆ ಗುಡಿಗಳಿಗೆ ಬರೋಣ.

ಅರುವತ್ತು ಮಂದಿಯ ಹಡಗು

ಆಟದ ಹೆಸರು ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲೂಕಸ್ ಪೋಪ್ ಎಂಬಾತ ರಚಿಸಿದ ಈ ಆಟ ೨೦೧೮ರಲ್ಲಿ ಹೊರಬಂದಿತು. ಕಥೆ ಹೀಗಿದೆ: ಕಾಣೆಯಾಗಿದ್ದ ಓಬ್ರಾ ಡಿನ್ ಎಂಬ ವ್ಯಾಪಾರದ ಹಡಗು ೧೮೦೭ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿಬರುತ್ತದೆ. ಅದರಲ್ಲಿ ಜೀವಂತರು ಯಾರೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರೀಕ್ಷಕನಾಗಿ ಆಟಗಾರನು ಹಡಗನ್ನು ಹತ್ತಬೇಕು. ಅವನ ಕೈಯಲ್ಲಿ ಹಡಗಿನವರ ಹೆಸರುಗಳ ಪಟ್ಟಿಯೊಂದಿದೆ. ಅವರ ಮುಖಗಳಿರುವ ಕೆಲವು ಚಿತ್ರಗಳಿವೆ. ಮೃತನೊಬ್ಬನ ಕೊನೆಯ ಕ್ಷಣವನ್ನು ನಿಶ್ಚಲ ದೃಶ್ಯವಾಗಿ ತೋರಿಸುವ ಮಾಯೆಯ ಗಡಿಯಾರವೊಂದಿದೆ. ಒಟ್ಟು ಅರುವತ್ತು ಮಂದಿ. ಯಾವ ಮುಖಕ್ಕೆ ಯಾವ ಹೆಸರು, ಅವನಿಗೆ ಏನಾಯಿತು ಎಂಬುದನ್ನು ಆಟಗಾರನು ಪುಸ್ತಕದಲ್ಲಿ ಬರೆಯಬೇಕು.

ಹೆಸರನ್ನು ಯಾರೂ ನೇರವಾಗಿ ಹೇಳುವುದು ಕಡಿಮೆ. ಒಬ್ಬನ ಮಾತಿನ ಭಾಷೆ, ಇನ್ನೊಬ್ಬನ ಉಡುಪು, ಮತ್ತೊಬ್ಬನು ಮಲಗುವ ಜೋಲಿಹಾಸಿಗೆಯ ಮೇಲಿನ ಸಂಖ್ಯೆ, ಇಂಥವೇ ಸುಳಿವುಗಳು. ಜೋಲಿಯ ಸಂಖ್ಯೆಯನ್ನು ಹೆಸರುಪಟ್ಟಿಯ ಕ್ರಮಸಂಖ್ಯೆಗೆ ಹೋಲಿಸಿದವನಿಗೆ ಒಬ್ಬ ನಾವಿಕನು ಸಿಕ್ಕುತ್ತಾನೆ. ಹೋಲಿಸದವನಿಗೆ ಅವನು ಕೊನೆಯವರೆಗೂ ಮರೆಯಲ್ಲಿಯೇ ಉಳಿಯುತ್ತಾನೆ.

ಅರುವತ್ತು ಮಂದಿಯಲ್ಲಿ ಒಬ್ಬನನ್ನು ಆರಿಸಲು ಎಷ್ಟು ಸುಳಿವುಗಳು ಬೇಕು? ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರವುಳ್ಳ ಒಂದು ಒಳ್ಳೆಯ ಪ್ರಶ್ನೆ ಗುಂಪನ್ನು ಸರಿಯಾಗಿ ಅರ್ಧ ಮಾಡುತ್ತದೆ ಎಂದುಕೊಳ್ಳಿ. ಅರುವತ್ತು ಮೂವತ್ತಾಗುವುದು, ಮೂವತ್ತು ಹದಿನೈದಾಗುವುದು, ಹದಿನೈದು ಹೆಚ್ಚೆಂದರೆ ಎಂಟು, ಮುಂದೆ ನಾಲ್ಕು, ಎರಡು, ಒಂದು. ಆರು ಪ್ರಶ್ನೆಗಳು ಸಾಕು! ೧೯೪೮ರಲ್ಲಿ ಕ್ಲಾಡ್ ಷ್ಯಾನನ್ ಎಂಬ ಅಮೆರಿಕದ ವಿಜ್ಞಾನಿ ಮಾಹಿತಿಯನ್ನು ಅಳೆಯುವ ಗಣಿತವನ್ನು ಪ್ರಕಟಿಸಿದಾಗ, ಇಂಥ ಒಂದು ಅರ್ಧೀಕರಣವೇ ಅಳತೆಯ ಮಾನವಾಯಿತು. ಅದಕ್ಕೆ ‘ಬಿಟ್’ ಎಂದು ಹೆಸರು. ಸುಳಿವಿನ ಬೆಲೆ ಅದರ ವಿಚಿತ್ರತೆಯಲ್ಲಿಲ್ಲ; ಅದು ಎಷ್ಟು ಮಂದಿಯನ್ನು ಪಟ್ಟಿಯಿಂದ ಹೊರಗೆ ಹಾಕುತ್ತದೆ ಎಂಬುದರಲ್ಲಿದೆ. ಆರು ಸುಳಿವುಗಳೂ ಒಂದೇ ಸಂಗತಿಯನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿದ್ದರೆ ಅವುಗಳ ಬೆಲೆ ಒಂದೇ ಸುಳಿವಿನದು. ಸುಳಿವುಗಳು ಪರಸ್ಪರ ಸ್ವತಂತ್ರವಾಗಿರಬೇಕು.

ಮೂರು ಉತ್ತರಗಳು ಒಟ್ಟಿಗೆ ಏಕೆ?

ಈ ಆಟದಲ್ಲಿ ಇನ್ನೊಂದು ಜಾಣ ನಿಯಮವಿದೆ. ಬರೆದ ಉತ್ತರ ಸರಿಯೋ ತಪ್ಪೋ ಎಂದು ಆಟ ಒಡನೆಯೇ ಹೇಳುವುದಿಲ್ಲ. ಮೂವರ ವಿಷಯ ಪೂರ್ಣವಾಗಿ ಸರಿಯಾದ ಮೇಲೆಯೇ ಆ ಮೂರನ್ನೂ ಒಟ್ಟಿಗೆ ಒಪ್ಪಿಕೊಳ್ಳುತ್ತದೆ. ಇದು ಆಟಗಾರನನ್ನು ಸತಾಯಿಸುವುದಕ್ಕಲ್ಲ. ಪ್ರತಿಯೊಬ್ಬನಿಗೂ ನಾಲ್ಕು ಹೆಸರುಗಳು ಸಾಧ್ಯವೆಂದು ಭಾವಿಸಿ ಲೆಕ್ಕ ಹಾಕೋಣ. ಒಂದೊಂದನ್ನೇ ಒಪ್ಪಿಕೊಳ್ಳುವ ಆಟದಲ್ಲಿ ಹೆಚ್ಚೆಂದರೆ ೪ + ೪ + ೪ = ೧೨ ಸಲ ಪ್ರಯತ್ನಿಸಿದರೆ, ಏನೂ ಯೋಚಿಸದವನೂ ಮೂವರನ್ನು ‘ಕಂಡುಹಿಡಿಯುವನು’. ಮೂರನ್ನೂ ಒಟ್ಟಿಗೆ ಒಪ್ಪಿಕೊಳ್ಳುವ ಆಟದಲ್ಲಿಯಾದರೋ ಸಾಧ್ಯತೆಗಳು ೪ × ೪ × ೪ = ೬೪. ಕೂಡಿಸುವುದರ ಬದಲು ಗುಣಿಸಬೇಕಾಯಿತು. ಊಹೆಯ ದಾರಿ ಮುಚ್ಚಿಹೋಯಿತು. ಅದೃಷ್ಟವು ಸುಲಭವಾಗಿ ದಾಟಲಾರದ ಪರೀಕ್ಷೆಯೇ ನಿಜವಾದ ಪರೀಕ್ಷೆ. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಬೇರೆ ಬೇರೆ ವಿಧಾನಗಳಿಂದ ಪಡೆದು, ಎಲ್ಲವೂ ಹೊಂದಿದ ಮೇಲೆ ಒಪ್ಪಿಕೊಳ್ಳುವುದರ ಹಿಂದೆಯೂ ಇದೇ ತತ್ತ್ವವಿದೆ.

ಆಟದ ಕೊನೆಯಲ್ಲಿ ಪರೀಕ್ಷಕನ ಬರವಣಿಗೆಯ ಪ್ರಕಾರ ಮೃತರ ವಾರಸುದಾರರಿಗೆ ಪರಿಹಾರವೋ ದಂಡವೋ ವಿಧಿಸಲ್ಪಡುತ್ತದೆ. ಕೊಲೆಗಾರನೆಂದು ತಪ್ಪಾಗಿ ಬರೆದರೆ ನಿರಪರಾಧಿಯ ಮನೆಯವರು ದಂಡ ತೆರಬೇಕಾಗುವುದು. ಹೆಸರು ಹೇಳುವುದು ಹಗುರವಾದ ಕೆಲಸವಲ್ಲ.

ದೊಡ್ಡಗದ್ದವಳ್ಳಿಯ ಗುಡಿಯಲ್ಲಿ

ಹೆಸರಿಲ್ಲದ ಮುಖಗಳು, ಹೆಸರುಗಳ ಪಟ್ಟಿ, ನಿಶ್ಚಲವಾಗಿ ನಿಂತ ದೃಶ್ಯಗಳು: ಈ ಮೂರೂ ನಮ್ಮ ಹಳೆಯ ದೇವಾಲಯಗಳಲ್ಲಿವೆ. ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ನೋಡಿ. ಬಳಪದ ಕಲ್ಲಿನಿಂದ ಕಟ್ಟಿದ ಈ ಗುಡಿಗೆ ನಾಲ್ಕು ಗರ್ಭಗೃಹಗಳಿವೆ. ಹೊಯ್ಸಳ ದೇವಾಲಯಗಳಲ್ಲಿ ಇಂಥ ಚತುಷ್ಕೂಟ ಬಹಳ ವಿರಳ. ಕಟ್ಟಿಸಿದವರು ಯಾರು? ‘ಹೊಯ್ಸಳ ಗುಡಿ, ಆದುದರಿಂದ ರಾಜನೇ ಕಟ್ಟಿಸಿರಬೇಕು’ ಎಂಬುದು ಸುಲಭವಾದ ಊಹೆ. ಶಾಸನ ಹೇಳುವುದೇ ಬೇರೆ. ವಿಷ್ಣುವರ್ಧನನ ಕಾಲದಲ್ಲಿ, ೧೧೧೪ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವ್ಯಾಪಾರಿಯೂ ಅವನ ಹೆಂಡತಿ ಸಹಜಾದೇವಿಯೂ ಇದನ್ನು ಕಟ್ಟಿಸಿದರು. ಕಲ್ಲನ್ನು ಓದದಿದ್ದರೆ ಈ ದಂಪತಿಗಳು ರಾಜನ ನೆರಳಿನಲ್ಲಿ ಮರೆಯಾಗಿ ಹೋಗುತ್ತಿದ್ದರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯಲ್ಲಿ ೧೯೦೨ರಲ್ಲಿ ಹೊರತಂದರು. ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಈ ಗುಡಿಯ ಮೇಲೆಯೇ ಒಂದು ಪುಸ್ತಕವನ್ನು ಬರೆದರು.

ಒಳಗಿನ ದೇವಿಯ ಕೈಗಳಲ್ಲಿ ಶಂಖ ಚಕ್ರಗಳಿವೆ. ಶಂಖ ಚಕ್ರಗಳೆಂದರೆ ವಿಷ್ಣು ಎಂಬುದು ನಾವು ಚಿಕ್ಕಂದಿನಿಂದ ಕಲಿತ ಸುಳಿವು. ಆ ಒಂದೇ ಸುಳಿವನ್ನು ಹಿಡಿದು ಹೊರಟವನು ಇಲ್ಲಿ ಎಡವುವನು. ಮೂರ್ತಿಯ ಸ್ತ್ರೀರೂಪವನ್ನೂ ಶಾಸನವನ್ನೂ ಕೂಡಿಸಿ ನೋಡಿದಾಗಲೇ ಆಕೆ ಲಕ್ಷ್ಮಿಯೆಂಬುದು ಸಿದ್ಧವಾಗುವುದು. ಕಾಳಿಯ ಗುಡಿಯ ಬಾಗಿಲಲ್ಲಿಯಾದರೋ ಎಲುಬಿನ ಗೂಡಿನಂತಹ ಎರಡು ಬೇತಾಳಗಳು ನಿಂತಿವೆ. ಕಾವಲಿನವರನ್ನು ಕಂಡೊಡನೆ ಒಳಗಿರುವವರು ಶಾಂತಮೂರ್ತಿಯಲ್ಲವೆಂದು ತಿಳಿಯುವುದು. ನೆರೆಹೊರೆಯೂ ಒಂದು ಸುಳಿವೇ.

ಹತ್ತಿರವಾಗಿರುವುದನ್ನು ಅದೇ ಎಂದುಕೊಳ್ಳುವ ಅಪಾಯ ಭೌತವಿಜ್ಞಾನದಲ್ಲಿಯೂ ಉಂಟು. ೧೮೬೮ರಲ್ಲಿ ಸೂರ್ಯನ ಬೆಳಕಿನ ರೋಹಿತದಲ್ಲಿ ಹಳದಿ ರೇಖೆಯೊಂದು ಕಂಡಿತು. ಸೋಡಿಯಂ ಧಾತುವಿನ ಹಳದಿ ರೇಖೆಗಳು ೫೮೯.೦ ಮತ್ತು ೫೮೯.೬ ನ್ಯಾನೋಮೀಟರುಗಳಲ್ಲಿರುವುವು, ಹೊಸ ರೇಖೆ ಇದ್ದುದು ೫೮೭.೬ರಲ್ಲಿ. ಅಂತರ ಸ್ವಲ್ಪವೇ. ಆದರೆ ಆ ಸ್ವಲ್ಪವನ್ನು ಅಲಕ್ಷ್ಯ ಮಾಡದೆ ಹೋದುದರಿಂದ ಹೀಲಿಯಂ ಎಂಬ ಧಾತು ಬೆಳಕಿಗೆ ಬಂದಿತು. ಭೂಮಿಯ ಖನಿಜದಿಂದ ಹೊರಟ ಅನಿಲದಲ್ಲಿ ರಾಮ್ಸೆಯವರು ಅದೇ ರೇಖೆಯನ್ನು ಕಂಡುದು ೧೮೯೫ರಲ್ಲಿ.

ಇಪ್ಪತ್ತನಾಲ್ಕು ಹೆಸರುಗಳ ಒಗಟು

ಹೊಯ್ಸಳ ಗುಡಿಗಳ ಹೊರಗೋಡೆಗಳಲ್ಲಿ ಇನ್ನೂ ಸೊಗಸಾದ ಒಗಟೊಂದಿದೆ. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ ಇಪ್ಪತ್ತನಾಲ್ಕು ನಾಮಗಳಿಗೆ ಇಪ್ಪತ್ತನಾಲ್ಕು ಮೂರ್ತಿಗಳುಂಟು. ಎಲ್ಲರಿಗೂ ನಾಲ್ಕು ಕೈಗಳು. ಎಲ್ಲರಲ್ಲಿಯೂ ಶಂಖ, ಚಕ್ರ, ಗದೆ, ಪದ್ಮಗಳೇ. ಭೇದವಿರುವುದು ಯಾವ ಕೈಯಲ್ಲಿ ಯಾವುದು ಎಂಬುದರಲ್ಲಿ ಮಾತ್ರ. ನಾಲ್ಕು ವಸ್ತುಗಳನ್ನು ನಾಲ್ಕು ಸ್ಥಾನಗಳಲ್ಲಿ ೪ × ೩ × ೨ × ೧ = ೨೪ ಬಗೆಯಾಗಿ ಇಡಬಹುದು. ಹೆಸರುಗಳೂ ಇಪ್ಪತ್ತನಾಲ್ಕೇ! ಒಂದು ಜೋಡಣೆಯೂ ವ್ಯರ್ಥವಾಗಿಲ್ಲ.

ಮೂರ್ತಿಯ ಬಲಗಡೆಯ ಕೆಳಗೈಯಿಂದ ಆರಂಭಿಸಿ ಬಲ ಮೇಲುಗೈ, ಎಡ ಮೇಲುಗೈ, ಎಡ ಕೆಳಗೈ ಎಂದು ಸುತ್ತಿಬನ್ನಿ. ಸಾಮಾನ್ಯವಾಗಿ ಅನುಸರಿಸುವ ಪಟ್ಟಿಯಲ್ಲಿ ಪದ್ಮ, ಶಂಖ, ಚಕ್ರ, ಗದೆ ಎಂದು ಬಂದರೆ ಅವನು ಕೇಶವ. ಶಂಖ, ಪದ್ಮ, ಗದೆ, ಚಕ್ರ ಎಂದು ಬಂದರೆ ನಾರಾಯಣ. ಕೆಲವು ಮೂರ್ತಿಗಳ ವಿಷಯದಲ್ಲಿ ಗ್ರಂಥಗ್ರಂಥಗಳಿಗೆ ಭೇದವಿರುವುದರಿಂದ, ಯಾವ ಪಟ್ಟಿಯನ್ನು ಹಿಡಿದಿದ್ದೇವೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು, ನಡುವೆ ಬದಲಾಯಿಸಬಾರದು.

ಕಾಲದ ಹೊಡೆತಕ್ಕೆ ಸಿಕ್ಕಿ ಮೂರ್ತಿಗಳ ಕೈಗಳು ಮುರಿದಿರುವುದುಂಟು. ಆಗ ಎಷ್ಟನ್ನು ಹೇಳಬಹುದು? ಒಂದು ಕೈ ಮುರಿದಿದ್ದರೆ ಚಿಂತೆಯಿಲ್ಲ. ಮೂರು ವಸ್ತುಗಳು ಕಂಡರೆ ನಾಲ್ಕನೆಯದು ತಾನಾಗಿ ತಿಳಿಯುವುದು. ಎರಡು ಮುರಿದಿದ್ದರೆ ಇಬ್ಬರು ಉಳಿಯುವರು. ಮೂರು ಮುರಿದಿದ್ದರೆ ಆರು ಮಂದಿ. ನಾಲ್ಕೂ ಹೋಗಿದ್ದರೆ ಇಪ್ಪತ್ತನಾಲ್ಕು ಮಂದಿ. ಎರಡು ಕೈ ಮುರಿದ ಮೂರ್ತಿಯನ್ನು ‘ಇವನೇ ಕೇಶವ’ ಎಂದು ಧೈರ್ಯವಾಗಿ ಹೇಳುವವನು ನಾಣ್ಯ ಚಿಮ್ಮಿ ಹೇಳುವವನಿಗಿಂತ ಮೇಲಲ್ಲ. ಆದರೆ ಇಪ್ಪತ್ತನಾಲ್ಕು ಮೂರ್ತಿಗಳ ಸಾಲು ಪೂರ್ಣವಾಗಿದ್ದು, ಯಾವ ಹೆಸರೂ ಎರಡು ಸಲ ಬಂದಿಲ್ಲವೆಂದು ಗೊತ್ತಿದ್ದರೆ, ಉಳಿದ ಇಪ್ಪತ್ತಮೂವರನ್ನು ಗುರುತಿಸಿ, ಒಂದು ಕೈಯೂ ಇಲ್ಲದವನ ಹೆಸರನ್ನೂ ನಿಶ್ಚಯವಾಗಿ ಹೇಳಬಹುದು! ಅವನ ಮೇಲೆ ಒಂದು ಸುಳಿವೂ ಇಲ್ಲ. ಸುಳಿವುಗಳೆಲ್ಲ ಇತರರ ಮೇಲಿವೆ. ಓಬ್ರಾ ಡಿನ್ ಹಡಗಿನ ಕೊನೆಯ ಕೆಲವರನ್ನು ಹಿಡಿಯುವುದೂ ಹೀಗೆಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರ್ತಿಯ ಬಲಗೈ ನೋಡುವವರ ಎಡಕ್ಕಿರುವುದು. ಇದನ್ನು ಮರೆತರೆ, ಅಥವಾ ಛಾಯಾಚಿತ್ರ ಎಡಬಲ ತಿರುಗಿ ಅಚ್ಚಾಗಿದ್ದರೆ, ಏನಾಗುವುದು? ಕೇಶವನ ಕ್ರಮವನ್ನು ಹಿಂದುಮುಂದಾಗಿ ಓದಿದಂತೆ ಆಗಿ, ಗದೆ, ಚಕ್ರ, ಶಂಖ, ಪದ್ಮ ಎಂದು ಬರುವುದು. ಅದು ತಪ್ಪೆಂದು ತೋರುವುದೂ ಇಲ್ಲ. ಏಕೆಂದರೆ ಅದು ಮಾಧವನ ಕ್ರಮ. ಕನ್ನಡಿಯೊಳಗಿನ ನಾರಾಯಣನು ಹಾಗೆಯೇ ಗೋವಿಂದನಾಗುವನು. ನಾಲ್ಕು ವಸ್ತುಗಳೂ ಬೇರೆ ಬೇರೆಯಾದುದರಿಂದ ಯಾವ ಮೂರ್ತಿಯೂ ತನ್ನ ಪ್ರತಿಬಿಂಬದಂತೆಯೇ ಇರಲಾರದು. ಇಪ್ಪತ್ತನಾಲ್ವರೂ ಹನ್ನೆರಡು ಜೋಡಿಗಳಾಗಿ ಒಡೆಯುವರು. ನೋಡುವ ದಿಕ್ಕನ್ನು ಹೇಳದ ಅಳತೆ ಅಳತೆಯೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

‘ಮ’ ಎಂಬ ಒಂದೇ ಅಕ್ಷರ

ಕಲ್ಲಿನೊಳಗಿನ ದೇವರುಗಳಿಗಿಂತ ಹೆಚ್ಚು ಮರೆಯಲ್ಲಿರುವವರು ಕಲ್ಲನ್ನು ಕಡೆದವರು. ಐತಿಹ್ಯವು ಎಲ್ಲ ಕೀರ್ತಿಯನ್ನೂ ಜಕಣಾಚಾರಿಯೊಬ್ಬನಿಗೇ ಕೊಡುವುದು. ಆದರೆ ಶಿಲ್ಪಗಳ ಪೀಠಗಳಲ್ಲಿಯೇ ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಸಿಕ್ಕುವರು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ೧೨೪೬ರ ಲಕ್ಷ್ಮೀನರಸಿಂಹ ದೇವಾಲಯದ ದಕ್ಷಿಣ ಭಾಗ ಬೈಚೋಜನದು, ಉತ್ತರ ಭಾಗ ಮಲ್ಲಿತಮ್ಮನದು ಎಂದು ವಿದ್ವಾಂಸರು ಗುರುತಿಸಿರುವರು. ಹಾಗಾದರೆ ಉತ್ತರದ ಗೋಡೆಯಲ್ಲಿ ರುಜುವಿಲ್ಲದ ಒಂದು ಶಿಲ್ಪವಿದ್ದರೆ ಅದು ಮಲ್ಲಿತಮ್ಮನದೆ? ಇರಬಹುದು, ಅವನ ಶಿಷ್ಯನದೂ ಆಗಿರಬಹುದು. ‘ಸಂಭಾವ್ಯ’ ಎಂದು ಬರೆಯಬೇಕು. ‘ಸಿದ್ಧ’ ಎಂದು ಬರೆಯಬಾರದು.

ಈ ಮಲ್ಲಿತಮ್ಮ ಕೆಲವೆಡೆ ‘ಮಲ್ಲಿ’ ಎಂದೂ ಕೆಲವೆಡೆ ಬರಿಯ ‘ಮ’ ಎಂದೂ ರುಜು ಹಾಕಿದ್ದಾನೆ. ೧೧೯೬ರ ಅಮೃತಾಪುರದ ಗುಡಿಯಿಂದ ಹಿಡಿದು ೧೨೫೮ರ ಸೋಮನಾಥಪುರದವರೆಗೆ ಅವನ ಕೆಲಸವನ್ನು ಗುರುತಿಸಿ, ಸುಮಾರು ಅರುವತ್ತು ವರ್ಷ ಅವನು ಉಳಿ ಹಿಡಿದಿದ್ದನೆಂದು ಹೇಳುತ್ತಾರೆ. ಈ ಮಾತಿನ ಬೆಲೆಯನ್ನು ನಾವೇ ಲೆಕ್ಕ ಹಾಕಬಹುದು. ೧೨೫೮ರಲ್ಲಿ ೧೧೯೬ನ್ನು ಕಳೆದರೆ ೬೨. ಇಪ್ಪತ್ತನೆಯ ವಯಸ್ಸಿನಲ್ಲಿ ಕೆಲಸ ಹಿಡಿದವನಿಗೆ ಸೋಮನಾಥಪುರದಲ್ಲಿ ಎಂಬತ್ತೆರಡು ವರ್ಷ. ಅಸಾಧ್ಯವಲ್ಲ, ಆದರೆ ಒಂದು ಅಕ್ಷರದ ರುಜುವಿನ ಮೇಲೆ ಇಷ್ಟು ದೊಡ್ಡ ಆಯುಸ್ಸನ್ನು ನಿಲ್ಲಿಸುವಾಗ ಅಕ್ಷರದ ಜೊತೆಗೆ ಕೈಯ ಶೈಲಿ, ಸ್ಥಳ, ಕಾಲಗಳೂ ಸಾಕ್ಷಿ ನುಡಿಯಬೇಕು. ಮೂರೂ ಒಟ್ಟಿಗೆ ಹೊಂದಿದಾಗ ಮಾತ್ರ ಒಪ್ಪಿಕೊಳ್ಳುವ ಆ ಆಟದ ನಿಯಮ ಇಲ್ಲಿಯೂ ಸಲ್ಲುವುದು.

ಇದರಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳಬಹುದು. ಎಂಟು ಒಂಬತ್ತು ಶತಮಾನಗಳ ಹಿಂದೆ ಬಿಸಿಲಿನಲ್ಲಿ ಕುಳಿತು ಕೆಲಸ ಮಾಡಿದವನಿಗೆ ಸಲ್ಲಬೇಕಾದ ಕೂಲಿ ಸಂದುಹೋಯಿತು. ಉಳಿದಿರುವ ಸಾಲವೆಂದರೆ ಅವನ ಹೆಸರು. ಅದನ್ನು ಇನ್ನೊಬ್ಬನಿಗೆ ಕೊಡುವುದೂ, ಸಾಕ್ಷ್ಯವಿಲ್ಲದೆ ಅವನಿಗೇ ಹೆಚ್ಚಾಗಿ ಕೊಡುವುದೂ ಎರಡೂ ಅನ್ಯಾಯವೇ. ಮುರಿಯುವ ಕಲ್ಲು ದಿನದಿನಕ್ಕೂ ಸುಳಿವುಗಳನ್ನು ಕಳೆದುಕೊಳ್ಳುತ್ತಿರುವುದು. ಒಂದು ಕೈ ಮುರಿದರೆ ಹೆಸರು ಉಳಿದೀತು. ಎರಡನೆಯದೂ ಮುರಿದರೆ ಉಳಿಯದು.

ರಜೆಯಲ್ಲಿ ನುಗ್ಗೇಹಳ್ಳಿಗೋ ದೊಡ್ಡಗದ್ದವಳ್ಳಿಗೋ ಹೋಗುವ ವಿದ್ಯಾರ್ಥಿಗಳು ಒಂದು ಟಿಪ್ಪಣಿಪುಸ್ತಕವನ್ನು ಜೊತೆಯಲ್ಲಿ ಒಯ್ಯಲಿ. ವಿಗ್ರಹಗಳನ್ನು ಮುಟ್ಟದೆ, ಒಂದೊಂದು ಕೈಯಲ್ಲಿ ಏನಿದೆ, ಏನು ಮುರಿದಿದೆ ಎಂಬುದನ್ನು ಬರೆದುಕೊಳ್ಳಲಿ. ಹೆಸರಿನ ಅಂಕಣವನ್ನು ಮಾತ್ರ ಕೊನೆಗೆ ತುಂಬಲಿ. ಸಾಕ್ಷ್ಯ ಸಾಲದ ಕಡೆ ಅದನ್ನು ಖಾಲಿ ಬಿಡಲಿ. ಖಾಲಿ ಬಿಟ್ಟ ಅಂಕಣವನ್ನು ಮುಂದೆ ಬರುವವರು ತುಂಬಬಹುದು. ತಪ್ಪು ತುಂಬಿದ ಅಂಕಣವನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.