ಯಾಂಕಿಗಳಿಗೇ ಬೇಡವಾದ ಯಾಂಕೀಸ್

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಮಾ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ. 2015ರಲ್ಲಿ ಊರಿಗೆ ಬಂದವನು ಇಬ್ಬರು ಗಂಡುಮಕ್ಕಳೊಂದಿಗೆ ನಮ್ಮ ಮನೆಗೂ ಬಂದ. ಹದಿನಾಲ್ಕರ ದೊಡ್ಡವನ ತಲೆಯ ಮೇಲೆ ನ್ಯೂಯಾರ್ಕ್ ಯಾಂಕೀಸ್ ತಂಡದ ಟೋಪಿ, ಹತ್ತರ ಚಿಕ್ಕವನದು ಬೋಸ್ಟನ್ ರೆಡ್ ಸಾಕ್ಸ್ ಟೋಪಿ. ಉಪ್ಪಿಟ್ಟು ತಿನ್ನುವಾಗಲೂ ಇಬ್ಬರೂ ಅದನ್ನು ತೆಗೆಯಲಿಲ್ಲ! “ಬೇಸ್‌ಬಾಲ್ ಶುರುವಾದ್ರೆ ಇಬ್ಬರನ್ನೂ ಬೇರೆ ಬೇರೆ ಕೋಣೇಲಿ ಕೂರಿಸಬೇಕು ಸಾರ್” ಎಂದ.

ಭೂಪಟ ತೆಗೆದು ನೋಡಿ. ಹಾರ್ಟ್‌ಫರ್ಡ್‌ನಿಂದ ಬೋಸ್ಟನ್ನೂ ನ್ಯೂಯಾರ್ಕೂ ನೇರ ಅಂತರದಲ್ಲಿ ಹೆಚ್ಚುಕಡಿಮೆ 160 ಕಿಲೋಮೀಟರ್. ರಾಜ್ಯದ ನೈಋತ್ಯ ಭಾಗ ಯಾಂಕೀಸ್ ಕಡೆ, ಈಶಾನ್ಯ ಭಾಗ ರೆಡ್ ಸಾಕ್ಸ್ ಕಡೆ. ಈ ನಿಷ್ಠೆಯ ಗಡಿಗೆ 2003ರಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಅಂಕಣಕಾರರೊಬ್ಬರು ‘ಮನ್ಸನ್-ನಿಕ್ಸನ್ ರೇಖೆ’ ಎಂದು ತಮಾಷೆಯ ಹೆಸರಿಟ್ಟರು. ಥರ್ಮನ್ ಮನ್ಸನ್ ಯಾಂಕೀಸ್ ಆಟಗಾರ, ಟ್ರಾಟ್ ನಿಕ್ಸನ್ ರೆಡ್ ಸಾಕ್ಸ್‌ನವನು.

ತಮಾಷೆ ಅರ್ಥವಾಗಬೇಕಾದರೆ ಅಸಲಿ ಮೇಸನ್-ಡಿಕ್ಸನ್ ರೇಖೆ ಗೊತ್ತಿರಬೇಕು. ಚಾರ್ಲ್ಸ್ ಮೇಸನ್ ಮತ್ತು ಜೆರೆಮಿಯಾ ಡಿಕ್ಸನ್ 1761ರ ಶುಕ್ರ ಸಂಕ್ರಮಣವನ್ನು ದಕ್ಷಿಣ ಆಫ್ರಿಕದ ಕೇಪ್‌ನಿಂದ ವೀಕ್ಷಿಸಿದವರು. 1763ರಿಂದ 1767ರವರೆಗೆ ನಕ್ಷತ್ರಗಳನ್ನು ಅಳೆಯುತ್ತಾ ಪೆನ್ಸಿಲ್ವೇನಿಯಾ-ಮೇರಿಲ್ಯಾಂಡ್ ಗಡಿ ಗುರುತಿಸಿ, ಇಂಗ್ಲೆಂಡಿನಿಂದ ತರಿಸಿದ ಸುಣ್ಣಕಲ್ಲುಗಳನ್ನು ನೆಟ್ಟರು. ಆ ಗಡಿ ಕಲ್ಲಿನದು, ಮುಟ್ಟಿ ನೋಡಬಹುದು. ಬೇಸ್‌ಬಾಲಿನ ಗಡಿ ಹಾಗಲ್ಲ. ಸಕ್ಕರೆ ನೀರಿನಲ್ಲಿ ಕರಗಿದಂತೆ ಒಂದು ಕಡೆಯ ಸಾಂದ್ರತೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಅಷ್ಟೆ.

ಹೆಸರುಗಳ ಕಥೆ ಇನ್ನೂ ಸ್ವಾರಸ್ಯ. ನಮಗೆ ಅಮೆರಿಕದವರೆಲ್ಲ ಯಾಂಕಿಗಳು. ಅಮೆರಿಕದ ದಕ್ಷಿಣದವರಿಗೆ ಉತ್ತರದವರು ಮಾತ್ರ ಯಾಂಕಿ. ಉತ್ತರದವರನ್ನು ಕೇಳಿದರೆ, ಬೋಸ್ಟನ್ ಸೇರಿದ ನ್ಯೂ ಇಂಗ್ಲೆಂಡ್ ಪ್ರಾಂತ್ಯದವರೇ ನಿಜವಾದ ಯಾಂಕಿಗಳು! ಆದರೆ 1913ರಿಂದ ಆ ಹೆಸರನ್ನು ಅಧಿಕೃತವಾಗಿ ಇಟ್ಟುಕೊಂಡದ್ದು ನ್ಯೂಯಾರ್ಕಿನ ತಂಡ. ಹೀಗಾಗಿ ಅಸಲಿ ಯಾಂಕಿಗಳಿಗೆ ಯಾಂಕೀಸ್ ಎಂದರೆ ಆಗದು.

ಕನೆಕ್ಟಿಕಟ್‌ಗೂ ಒಂದು ಅಡ್ಡಹೆಸರುಂಟು: ‘ಜಾಯಿಕಾಯಿ ರಾಜ್ಯ’. ಅಲ್ಲಿ ಜಾಯಿಕಾಯಿ ಬೆಳೆಯುವುದಿಲ್ಲ. ಅಲ್ಲಿನ ತಿರುಗಾಟದ ವ್ಯಾಪಾರಿಗಳು ಮರದಲ್ಲಿ ಕೆತ್ತಿದ ಜಾಯಿಕಾಯಿ ಮಾರುತ್ತಿದ್ದರಂತೆ. ಕೊಂಡವರಿಗೆ ಅದನ್ನು ತುರಿಯಬೇಕೆಂದು ತಿಳಿಯದೆ ಮೋಸವೆಂದರು ಎಂಬ ವಾದವೂ ಇದೆ. (ನನ್ನ ಮನೆಯಾಕೆ ವ್ಯಾಪಾರಿಗಳನ್ನೇ ಅನುಮಾನಿಸುತ್ತಾಳೆ.) 1959ರಲ್ಲಿ ಸರ್ಕಾರ ‘ಸಂವಿಧಾನದ ರಾಜ್ಯ’ ಎಂಬ ಗಂಭೀರ ಹೆಸರನ್ನು ಅಧಿಕೃತಗೊಳಿಸಿತು.

ಹಗೆತನಕ್ಕೂ ಕಾರಣವಿದೆ. 1918ರಲ್ಲಿ ಗೆದ್ದ ರೆಡ್ ಸಾಕ್ಸ್, ಅದರ ಬೆನ್ನಿಗೇ ಬೇಬ್ ರೂತ್ ಎಂಬ ಮಹಾನ್ ಆಟಗಾರನನ್ನು ಯಾಂಕೀಸ್‌ಗೆ ಮಾರಿತು. ಅಲ್ಲಿಯವರೆಗೆ ಒಂದೂ ವಿಶ್ವ ಸರಣಿ ಗೆಲ್ಲದಿದ್ದ ಯಾಂಕೀಸ್ 2009ರ ವೇಳೆಗೆ 27 ಗೆದ್ದಿತ್ತು. ರೆಡ್ ಸಾಕ್ಸ್ ಮತ್ತೆ ಗೆಲ್ಲಲು 86 ವರ್ಷ ಕಾಯಬೇಕಾಯಿತು.

ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಎರಡು ಪಾಲಾದದ್ದು ಹೇಗೆ? 2014ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಸೇಥ್ ಸ್ಟೀಫನ್ಸ್-ಡೇವಿಡೋವಿಟ್ಸ್ ಎಂಬ ಅರ್ಥಶಾಸ್ತ್ರಜ್ಞರು ಫೇಸ್‌ಬುಕ್ ಅಂಕಿಅಂಶಗಳನ್ನು ಸೋಸಿ ಒಂದು ಸಂಗತಿ ಬರೆದಿದ್ದರು. ಹುಡುಗನಿಗೆ ಎಂಟು ವರ್ಷದ ಆಸುಪಾಸಿನಲ್ಲಿ ಯಾವ ತಂಡ ಗೆಲ್ಲುತ್ತದೋ, ದೊಡ್ಡವನಾದ ಮೇಲೂ ಆ ತಂಡವನ್ನೇ ಹಿಡಿದುಕೊಳ್ಳುವ ಸಂಭವ ಹೆಚ್ಚು. ಇದನ್ನೋದಿ ನಾನು ಬೆರಳೆಣಿಸಿದೆ. ದೊಡ್ಡವನಿಗೆ ಎಂಟಾದಾಗ 2009, ಗೆದ್ದದ್ದು ಯಾಂಕೀಸ್. ಚಿಕ್ಕವನಿಗೆ ಎಂಟಾದಾಗ 2013, ಗೆದ್ದದ್ದು ರೆಡ್ ಸಾಕ್ಸ್!

ಪೋಷಕರೇ, ಒಂದು ಮನೆಯ ಲೆಕ್ಕ ಪುರಾವೆಯಲ್ಲ; ದೊಡ್ಡವನಿಗೆ ನ್ಯೂಯಾರ್ಕಿನಲ್ಲಿ ಸೋದರಮಾವನೂ ಇದ್ದಾನೆ. ಆದರೂ ತಡೆಯಲಾರದೆ ಶಿಷ್ಯನಿಗೆ ಫೋನ್ ಮಾಡಿದೆ. “ನೀನು ಯಾರ ಕಡೆಯಪ್ಪಾ?” ಎಂದೆ. “ನಾನ್ಯಾರ ಕಡೇನೂ ಇಲ್ಲ ಸಾರ್. ಬೆಂಗಳೂರಿನ ಸಂಜೆ ಕ್ರಿಕೆಟ್ ಮ್ಯಾಚು ನಮಗೆ ಬೆಳಗಿನ ತಿಂಡಿ ಹೊತ್ತಿಗೆ ಸರಿಯಾಗಿ ಬರುತ್ತೆ” ಎಂದ. ಅವನು ಶಾಲೆಯಲ್ಲಿದ್ದಾಗಲೂ ಹೀಗೇ, ಕಾಮೆಂಟರಿ ಕೇಳುತ್ತಾ ಪ್ರಯೋಗಾಲಯಕ್ಕೆ ತಡವಾಗಿ ಬರುತ್ತಿದ್ದ.