ಕಾವಲಿಲ್ಲದ ಸ್ಟ್ಯಾಕು

ಗಣಕಯಂತ್ರದಲ್ಲಿ ಒಂದು ಫಂಕ್ಷನ್ನು ಮತ್ತೊಂದನ್ನು ಕರೆದು, ಅದು ಮೂರನೆಯದನ್ನು ಕರೆದು, ಹೀಗೆ ಆಳಕ್ಕಿಳಿದ ಮೇಲೆ ಪ್ರತಿಯೊಂದೂ ತನ್ನನ್ನು ಕರೆದ ಸ್ಥಳಕ್ಕೇ ತಪ್ಪದೆ ಮರಳಬೇಕಾದರೆ, ಮರಳುವ ವಿಳಾಸವನ್ನೂ ತಾತ್ಕಾಲಿಕ ಮೌಲ್ಯಗಳನ್ನೂ ಎಲ್ಲಿಯಾದರೂ ಬರೆದಿಡಲೇಬೇಕಷ್ಟೆ. ಆ ಸ್ಥಳವೇ ಸ್ಟ್ಯಾಕು. ಲಿನಕ್ಸಿನಲ್ಲಿ ಮುಖ್ಯ ಸ್ಟ್ಯಾಕಿನ ಮಿತಿ ಸಾಮಾನ್ಯವಾಗಿ 8 ಎಂಬಿ, ವಿಂಡೋಸಿನಲ್ಲಿ 1 ಎಂಬಿ. ಈ ಮಿತಿಯನ್ನು ವಿಧಿಸುವ ಆಪರೇಟಿಂಗ್ ಸಿಸ್ಟಂ, ಹೊಲಕ್ಕೂ ಹೊಲಕ್ಕೂ ನಡುವಿನ ಬದುವಿನಂತೆ, ಅಂಚಿನಲ್ಲಿ ಯಾರೂ ಮುಟ್ಟಬಾರದ ಕಾವಲು ಪ್ರದೇಶವೊಂದನ್ನು ಬಿಟ್ಟಿರುತ್ತದೆ. ಅದನ್ನು ಮುಟ್ಟಿದ ಪ್ರೋಗ್ರಾಮು ಅಲ್ಲಿಯೇ ಸ್ಥಗಿತಗೊಳ್ಳುತ್ತದೆ.

ಸಾವಿರಾರು ಕೆಲಸಗಳನ್ನು ಏಕಕಾಲದಲ್ಲಿ ನಡೆಸಬೇಕಾದ ಪ್ರೋಗ್ರಾಮರು, ಒಂದೊಂದಕ್ಕೂ ಪ್ರತ್ಯೇಕ ಥ್ರೆಡ್ಡಿನ ವೆಚ್ಚವನ್ನು ಭರಿಸಲಾರದೆ, ತಾವೇ ಮೆಮೊರಿಯನ್ನು ಪಡೆದು ಪ್ರೊಸೆಸರಿನ ಸ್ಟ್ಯಾಕ್ ಪಾಯಿಂಟರನ್ನು ಅದರತ್ತ ತಿರುಗಿಸುವುದುಂಟು. ಅಸೆಂಬ್ಲಿ ಭಾಷೆಯ ಒಂದೇ ಸಾಲಿನಿಂದ ಇದು ಸಾಧ್ಯ. ಈ ಸೌಲಭ್ಯವೇ ಮೊದಲನೆಯ ಅಪಾಯವೆಂದು ನನ್ನ ಅಭಿಪ್ರಾಯ, ಏಕೆಂದರೆ ಮ್ಯಾಲಕ್ ಎಂಬ, ಮೆಮೊರಿ ಹಂಚುವ ಫಂಕ್ಷನ್ನಿನಿಂದ ಪಡೆದ ಮೆಮೊರಿಯ ಅಂಚಿನಲ್ಲಿ ಅಂತಹ ಕಾವಲು ಇರುತ್ತದೆಂಬ ಭರವಸೆಯಿಲ್ಲ.

64 ಕೆಬಿಯ ಅಂತಹ ಸ್ಟ್ಯಾಕಿನ ಮೇಲೆ ನಡೆಯುತ್ತಿರುವ ಪ್ರೋಗ್ರಾಮು ಯಾವುದೋ ಲೈಬ್ರರಿಯ ಫಂಕ್ಷನ್ನನ್ನು ಕರೆಯಿತೆನ್ನಿ. ಆ ಫಂಕ್ಷನ್ನು ತನ್ನೊಳಗೆ 100 ಕೆಬಿಯ ಅರೇಯೊಂದನ್ನು ಇಟ್ಟುಕೊಂಡಿದೆಯೆನ್ನಿ. ಎಕ್ಸ್86 ಪ್ರೊಸೆಸರುಗಳಲ್ಲಿ ಸ್ಟ್ಯಾಕು ಮೇಲಿನ ವಿಳಾಸದಿಂದ ಕೆಳಗಿನದರತ್ತ ಬೆಳೆಯುವುದರಿಂದ, ಪಾಯಿಂಟರು ತಳವನ್ನು ದಾಟಿ ಕನಿಷ್ಠ 36 ಕೆಬಿಯಷ್ಟು ಆಚೆಗೆ ಹೋಗಿ, ಅಲ್ಲಿರುವ ಬೇರೆ ದತ್ತಾಂಶದ ಮೇಲೆಯೇ ಬರವಣಿಗೆ ನಡೆಯುತ್ತದೆ. ಆ ಕ್ಷಣಕ್ಕೆ ಏನೂ ತೋರದು. ಬಹಳ ಹೊತ್ತಿನ ಮೇಲೆ ಆ ದತ್ತಾಂಶವನ್ನು ಓದಿದ ಇನ್ನೊಂದು ಭಾಗ ಕುಸಿಯುತ್ತದೆ. ದೋಷವನ್ನರಸಿ ಹೊರಟವರು ನಿರಪರಾಧಿಯಾದ ಆ ಭಾಗವನ್ನೇ ದಿನಗಟ್ಟಲೆ ಶೋಧಿಸುತ್ತಾರೆ. 4096 ಬೈಟುಗಳ ಒಂದೇ ಕಾವಲು ಪುಟವಿದ್ದರೂ ಇಷ್ಟು ದೊಡ್ಡ ನೆಗೆತವನ್ನು ಅದು ತಡೆಯಲಾರದು. ಕ್ವಾಲಿಸ್ ಸಂಸ್ಥೆಯವರು 2017ರಲ್ಲಿ 'ಸ್ಟ್ಯಾಕ್ ಕ್ಲ್ಯಾಶ್' ಎಂಬ ಹೆಸರಿನಲ್ಲಿ ಈ ದೌರ್ಬಲ್ಯವನ್ನು ಸಾಕ್ಷ್ಯಸಹಿತ ಪ್ರಕಟಿಸಿದ ಮೇಲೆ, ಲಿನಕ್ಸು ತನ್ನ ಸ್ವಂತ ಸ್ಟ್ಯಾಕಿನ ಕಾವಲು ಅಂತರವನ್ನೇ ಒಂದು ಪುಟದಿಂದ 1 ಎಂಬಿಗೆ ವಿಸ್ತರಿಸಬೇಕಾಯಿತು.

ಆಪರೇಟಿಂಗ್ ಸಿಸ್ಟಮಿನೊಡನೆ ಮುರಿದುಬೀಳುವ ಒಪ್ಪಂದಗಳೂ ಉಂಟು. ವಿಂಡೋಸು ಪ್ರತಿ ಥ್ರೆಡ್ಡಿನ ಸ್ಟ್ಯಾಕಿನ ಎಲ್ಲೆಗಳನ್ನು ದಾಖಲಿಸಿಟ್ಟಿರುವುದರಿಂದ, ಆ ದಾಖಲೆಯನ್ನು ತಿದ್ದದೆ ಸ್ಥಳ ಬದಲಿಸಿದವರ ಪ್ರೋಗ್ರಾಮಿನಲ್ಲಿ ಎಕ್ಸೆಪ್ಷನ್ನುಗಳ ನಿರ್ವಹಣೆಯೇ ಕೆಡಬಹುದು. ಲಿನಕ್ಸಿನಲ್ಲಿ ಸಿಗ್ನಲ್ಲೊಂದು ಬಂದಾಗ, ಬೇರೆ ಏರ್ಪಾಡು ಮಾಡದಿದ್ದರೆ, ಕರ್ನಲ್ಲು ಪ್ರೊಸೆಸರಿನ ಸ್ಥಿತಿಯನ್ನೆಲ್ಲ ಆಗ ಬಳಕೆಯಲ್ಲಿರುವ ಸ್ಟ್ಯಾಕಿನ ಮೇಲೆಯೇ ಬರೆಯುತ್ತದೆ. ಕೆಲವು ಹೊಸ ಪ್ರೊಸೆಸರುಗಳಲ್ಲಿ ಇದೊಂದಕ್ಕೇ 2 ಕೆಬಿಗಿಂತ ಹೆಚ್ಚು ಜಾಗ ಬೇಕು. 2018ರ ಓಪನ್‌ಬಿಎಸ್‌ಡಿ 6.4 ಇನ್ನೂ ಕಠಿಣ: ಸ್ಟ್ಯಾಕಿಗೆಂದೇ ಗುರುತು ಮಾಡಿ ಪಡೆಯದ ಮೆಮೊರಿಯತ್ತ ಪಾಯಿಂಟರು ತಿರುಗಿದ್ದು ಕಂಡುಬಂದರೆ ಪ್ರೋಗ್ರಾಮನ್ನೇ ಅದು ಕೊನೆಗೊಳಿಸುತ್ತದೆ. ಇದನ್ನು ನಾನು ಸ್ವಾಗತಿಸುತ್ತೇನೆ.

ಸ್ವಂತ ಸ್ಟ್ಯಾಕು ಸಲ್ಲದೆಂದು ಹೇಳುವಂತಿಲ್ಲ. ಗೋ ಭಾಷೆ ಗೊರೂಟೀನ್ ಎಂಬ ತನ್ನ ಪ್ರತಿ ಹಗುರ ಥ್ರೆಡ್ಡಿಗೆ 2 ಕೆಬಿಯಷ್ಟು ಚಿಕ್ಕ ಸ್ಟ್ಯಾಕನ್ನು ಕೊಟ್ಟೂ ಸುರಕ್ಷಿತವಾಗಿರುವುದು, ಫಂಕ್ಷನ್ನುಗಳ ಆರಂಭದಲ್ಲಿಯೇ ಜಾಗವನ್ನು ಪರೀಕ್ಷಿಸಿ, ಸಾಲದಿದ್ದರೆ ಎಲ್ಲವನ್ನೂ ದೊಡ್ಡ ಸ್ಥಳಕ್ಕೆ ನಕಲು ಮಾಡುವುದರಿಂದ. ಅಷ್ಟು ವ್ಯವಸ್ಥೆಯಿಲ್ಲದ ಸಿ ಭಾಷೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಎಂಮ್ಯಾಪಿನ ಮೂಲಕ ಮೆಮೊರಿಯನ್ನು ಪಡೆದು, ಎಂಪ್ರೊಟೆಕ್ಟಿನಿಂದ ತಳದ ಹಲವು ಪುಟಗಳಿಗೆ ಪ್ರವೇಶವನ್ನು ನಿಷೇಧಿಸಿ, ಸಿಗ್ನಲ್ಲುಗಳಿಗೆ ಬೇರೆ ಸ್ಟ್ಯಾಕನ್ನು ಏರ್ಪಡಿಸಿದ ಮೇಲೆಯೇ ಪಾಯಿಂಟರನ್ನು ಮುಟ್ಟಲಿ.